ಸೂಜಿ ಚುಚ್ಚಿಸಿಕೊಂಡವಳು

ಆಗಿನ ಕಾಲದಲ್ಲಿ ಜನ ಎಷ್ಟು ಒಗ್ಗಟ್ಟಾಗಿದ್ದರು, ಪ್ಲೇಗು ಬಂದರೆ ಊರಿಗೆ ಊರೇ ಒಂದು ಮನೆಯಂತೆ ಇರುತ್ತಿತ್ತು ಅಂತ ಯಾರಾದರೂ ನನ್ನ ಮುಂದೆ ಶುರು ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಗ್ಗಟ್ಟಂತೆ, ಒಗ್ಗಟ್ಟು! ನಾನು ಆ ಒಗ್ಗಟ್ಟಿನ ಒಳಗೇ ಕೂತು ರಾಗಿ ಬೀಸಿದವಳು. ಅದರ ಹೊಟ್ಟು ಎಷ್ಟು, ಕಾಳು ಎಷ್ಟು ಅಂತ ನನಗೆ ಗೊತ್ತಿದೆ. ಹೇಳುತ್ತೇನೆ, ಕೇಳಿ.

ಹನಕೆರೆ ಸ್ಟೇಷನ್ನಿನಲ್ಲಿ ಇಳಿದು ಹೊಲದ ಮೇಲೆ ನಡೆದರೆ, ಬಾಯಿಗೆ ಹಾಕಿಕೊಂಡ ಎಲೆಅಡಿಕೆ ಮುಗಿಯುವ ಹೊತ್ತಿಗೆ ನನ್ನ ಗಂಡನ ಊರು ಸಿಗುತ್ತಿತ್ತು. ಯುದ್ಧ ನಡೆಯುತ್ತಿದ್ದ ಕಾಲ. ನನ್ನ ಗಂಡ ಮಿಲಿಟರಿ ಲಾರಿ ಓಡಿಸುವುದಕ್ಕೆ ಹೋಗಿ ಯಾವ ದೇಶದಲ್ಲಿದ್ದನೋ ಏನೋ. ಮನೆಯಲ್ಲಿ ನಾನು, ಕಂಕುಳಲ್ಲಿ ಒಂದು ಹೆಣ್ಣುಮಗು, ಅತ್ತೆ, ಮಾವ, ಮೈದುನ. ಮೈದುನನ ಹೆಂಡತಿ, ಅಂದರೆ ನನ್ನ ವಾರಗಿತ್ತಿ, ಬಾಣಂತನಕ್ಕೆ ಮದ್ದೂರಿನ ತವರಿಗೆ ಹೋಗಿದ್ದಳು. ಗಂಡುಮಗು ಹೆತ್ತಿದ್ದಳು. ಮಾವ ಊರ ಯಜಮಾನ. ಸೊಸೆಯಾದವಳು ಮಾವನಿಗೆ ಬಹುವಚನ ಕೊಡಬೇಕು. ಕೊಡುತ್ತೇನೆ, ನನ್ನ ಗಂಟೇನು ಹೋಗುತ್ತದೆ. ಅತ್ತೆಗೆ ಮಾತ್ರ ಏಕವಚನವೇ. ಅವಳೂ ನನ್ನ ಹಾಗೆ ಬೇರೆ ಊರಿಂದ ಬಂದು ಆ ಮನೆಯ ಒಲೆ ಊದಿದವಳು.

ಊರಲ್ಲಿ ಒಂದು ಕಟ್ಟಳೆಯಿತ್ತು. ಪ್ಲೇಗು ಬರುವ ಮುಂಚೆ ಇಲಿ ಬೀಳುತ್ತದೆ, ಎಲ್ಲರಿಗೂ ಗೊತ್ತು. ಮೊದಲ ಇಲಿ ಯಾರ ಮನೆಯಲ್ಲಿ ಬೀಳುತ್ತದೋ ಅವರು ಬಾಯಿಬಿಟ್ಟು ಊರಿಗೆ ಹೇಳಬೇಕು. ಹೇಳಿದವರಿಗೆ ಸಿಗುವ ಮರ್ಯಾದೆ ಏನು ಗೊತ್ತೇ? ಊರು ಬಿಟ್ಟು ಹೊಲದಲ್ಲಿ ಗುಡ್ಲು ಹಾಕುವಾಗ ಅವರ ಗುಡ್ಲು ಎಲ್ಲರಿಗಿಂತ ಆಚೆ, ಬಾವಿಗೆ ದೂರ. ಊರವರ ಬಿಂದಿಗೆಯೆಲ್ಲ ತುಂಬಿದ ಮೇಲೆ ಅವರ ಬಿಂದಿಗೆ ಬಾವಿಗೆ ಇಳಿಯಬೇಕು. ನಿಜ ಹೇಳಿದವನಿಗೆ ಶಿಕ್ಷೆ ಇಟ್ಟುಕೊಂಡ ಊರಲ್ಲಿ ನಿಜ ಹೇಳುವ ಮುಠ್ಠಾಳ ಯಾರು?

ನಮ್ಮ ಅಟ್ಟದಲ್ಲಿ, ಭತ್ತದ ಮೂಟೆಗಳ ಸಂದಿಯಿಂದ ಒಂದು ದಪ್ಪನೆಯ ಇಲಿ ಅಮಲೇರಿದ ಹಾಗೆ ಓಲಾಡುತ್ತ ಬಂದು ಬಿದ್ದು ಸತ್ತಿತು. ನೋಡಿದವಳು ನಾನೇ. ಮಾವನವರಿಗೆ ಹೇಳಿದೆ. ಅವರು 'ಸ್ಸ್' ಅಂದು ಬಾಯಿ ಮೇಲೆ ಬೆರಳಿಟ್ಟರು. ಆಮೇಲೆ ಇಕ್ಕಳದಿಂದ ಅದನ್ನು ಮೊರಕ್ಕೆ ಹಾಕಿ, ಮೇಲೆ ತರಗು ಮುಚ್ಚಿ, ಕಸ ಚೆಲ್ಲುವವರ ಹಾಗೆ ಹಿತ್ತಲಿಂದ ಹೋಗಿ ಪಕ್ಕದ ಮನೆಯವರ ತಿಪ್ಪೆಗೆ ಸುರಿದು ಬಂದರು. ಹುಟ್ಟಿದ ಮೇಲೆ ಅವರು ಮೊರ ಹಿಡಿದದ್ದು ಅದೇ ಮೊದಲು.

ಮಾರನೆ ಬೆಳಿಗ್ಗೆ ನಾನು ಸಗಣಿ ಹಾಕಲು ಹೋದರೆ ನಮ್ಮ ತಿಪ್ಪೆಯಲ್ಲಿ ಎರಡು ಇಲಿ. ನಮ್ಮದು ವಾಪಸು ಬಂದಿತ್ತು, ಜೊತೆಗೆ ಅವರದ್ದೊಂದು. ಆಮೇಲೆ ತಿಳಿಯಿತು, ಊರಿನ ಗೌಡರ ಮನೆಗಳಲ್ಲೆಲ್ಲ ಇದೇ ಕೆಲಸ. ಇಲಿಗಳು ಬದುಕಿದ್ದಾಗ ಅಷ್ಟು ಮನೆ ಸುತ್ತಿರಲಿಲ್ಲ, ಸತ್ತ ಮೇಲೆ ಸುತ್ತಿದವು. ಬೆಳಿಗ್ಗೆ ಎದುರುಬದರು ಸಿಕ್ಕಿದರೆ ಮಾತ್ರ, "ಏನ್ಲಾ, ನಿಮ್ಮಟ್ಟೀಲಿ ಏನೂ ಇಲ್ವಾ?" "ಇಲ್ಲ ಕಣ್ಲಾ, ದೇವ್ರು ದಯೆ." ಥೂ, ಆ ಮುಖಗಳಿಗಿಷ್ಟು.

ಕೊನೆಗೆ ಯಾರೂ ಹೇಳಲಿಲ್ಲ. ಊರ ಕೊನೆಯಲ್ಲಿ ಒಂಟಿಯಾಗಿದ್ದ ಒಬ್ಬ ಮುದುಕಿ ತೊಡೆಸಂದಿಯಲ್ಲಿ ಗಡ್ಡೆ ಎದ್ದು ಸತ್ತಳು. ಮೊದಲ ಇಲಿ ಬಿದ್ದದ್ದು ಅವಳ ಮನೆಯಲ್ಲೇ ಅಂತ ಊರು ತೀರ್ಮಾನ ಮಾಡಿತು. ಸತ್ತವಳು ಎದ್ದು ಬಂದು ಇಲ್ಲ ಅನ್ನುತ್ತಾಳೆಯೇ? ಎಲ್ಲರ ತಿಪ್ಪೆಯೂ ಶುದ್ಧವಾಯಿತು.

ಊರು ಬಿಟ್ಟೆವು. ಊರಿನ ಮೇಲುಗಡೆ ಹೊಲದ ಮಾಳದಲ್ಲಿ ಬಿದಿರು ಗಳ ನೆಟ್ಟು, ತೆಂಗಿನ ಗರಿ, ಕಬ್ಬಿನ ತರಗು ಹೊದಿಸಿ ಗುಡ್ಲು ಹಾಕಿಕೊಂಡೆವು. ಯಜಮಾನರ ಗುಡ್ಲು ಬಾವಿಯ ಪಕ್ಕದಲ್ಲೇ. ಮಾವನವರು ಕಂಬಳಿ ಹಾಸಿಸಿ ಕೂತು, ಊರವರನ್ನೆಲ್ಲ ಸುತ್ತ ಕೂರಿಸಿಕೊಂಡು ಕಟ್ಟು ಮಾಡಿದರು. ಕಟ್ಟು ಅಂದರೆ ಊರು ಒಪ್ಪಿದ ನಿಯಮ, ಮುರಿದವನಿಗೆ ನೀರು ಬೆಂಕಿ ಇಲ್ಲ.

"ಒಬ್ರಿಗೊಬ್ರು ಆಗ್ಬೇಕು ಕಣ್ರಪ್ಪ," ಅಂದರು. "ಒಂದು ಗುಡ್ಲಲ್ಲಿ ಒಲೆ ಉರೀದಿದ್ರೆ ಇನ್ನೊಂದು ಗುಡ್ಲೋರು ಇಟ್ಟಿಕ್ಬೇಕು. ಯಾರಿಗಾರ ಗಡ್ಡೆ ಎದ್ರೆ, ಯಾರೇ ಆಗ್ಲಿ, ನನ್ನೊಟ್ಟೇಲಿ ಉಟ್ಟಿದ ಮಗನೇ ಆಗ್ಲಿ, ಅವ್ರನ್ನ ಕೆಳೀಕೆ ಊರಿಗೆ ಕಳಿಸ್ಬುಡ್ಬೇಕು. ನಡುದಾರೀಲಿ ಚಪ್ಪಡಿ ಕಲ್ಲದೆಯಲ್ಲ, ಅಲ್ಲಿ ಇಟ್ಟು ಮಡಗಿ ಬರ್ಬೇಕು. ಕೆಳೀಕೆ ಓದೋರು, ಮಾರಿ ಗಡಿ ದಾಟೋಗಂಟ ಮ್ಯಾಲಕ್ಕೆ ಬರಂಗಿಲ್ಲ."

ಆಹಾ, ಎಂಥ ನ್ಯಾಯ, ಎಂಥ ಧರ್ಮ ಅಂತ ಎಲ್ಲರೂ ತಲೆದೂಗಿದರು. ಮಾವನವರ ಮೀಸೆ ಆವತ್ತು ಒಂದು ಬೆರಳು ಉದ್ದ ಬೆಳೆಯಿತು. ಅಟ್ಟದ ಮೇಲಿದ್ದ ಭತ್ತದ ಮೂಟೆಗಳನ್ನು ಯಾರಾದರೂ ಹೊತ್ತುಕೊಂಡು ಹೋದಾರು ಅಂತ ಗಾಡಿ ಕಟ್ಟಿಸಿ ಅವನ್ನೂ ಗುಡ್ಲಿಗೆ ತರಿಸಿಕೊಂಡರು. ಹಗಲು ಅವಕ್ಕೆ ಒರಗಿ ಕೂರುವುದು, ಮಲಗುವಾಗ ಅವುಗಳ ಪಕ್ಕದಲ್ಲೇ ಮಲಗುವುದು. ಇಲಿ ಬಿದ್ದದ್ದು ಈ ಮೂಟೆಗಳ ಸಂದಿಯಲ್ಲಿ ಅಲ್ಲವೇ ಮಾವ ಅಂದೆ. "ಭತ್ತಕ್ಕೆ ಎಲ್ಲಾರ ಪ್ಲೇಗು ಬತ್ತದಾ?" ಅಂತ ನಕ್ಕರು.

ಪ್ಲೇಗಿಗೆ ಸೂಜಿ ಹಾಕುವ ಡಾಕ್ಟರು ಮಂಡ್ಯದಿಂದ ಸೈಕಲ್ಲು ತಳ್ಳಿಕೊಂಡು ಮಾಳ ಹತ್ತಿ ಬಂದರು. ಅವರ ಟೋಪಿ ಕಂಡದ್ದೇ ತಡ, ಗಂಡಸರೆಲ್ಲ ಕಬ್ಬಿನ ಗದ್ದೆಯೊಳಗೆ. ಎತ್ತು ಬಗ್ಗಿಸುವ ತೋಳು, ನೇಗಿಲು ಒತ್ತುವ ತೋಳು, ಒಂದು ಸೂಜಿಗೆ ಹೆದರಿ ಕಬ್ಬಿನ ಸೋಗೆಯಲ್ಲಿ ಗೀರಿಸಿಕೊಂಡು ರಕ್ತ ಸುರಿಸಿಕೊಂಡು ಬಂದವು. ನಾವು ಹೆಂಗಸರು ಕೆಲವರು ತೋಳು ಕೊಡುತ್ತೇವೆ ಅಂದೆವು. ಪರಗಂಡಸಿನ ಮುಂದೆ ರವಿಕೆ ತೋಳು ಎತ್ತಬಾರದು ಅಂತ ಅಪ್ಪಣೆಯಾಯಿತು. ಮಾವನವರು ಡಾಕ್ಟರಿಗೆ ಎಳನೀರು ಕೆತ್ತಿಸಿ ಕೊಟ್ಟು, "ನಮ್ಮೋರೆಲ್ಲ ಮಂಡ್ಯಕ್ಕೇ ಓಗಿ ಆಕಿಸ್ಕಂಡ್ ಬಂದವ್ರೆ ಸ್ವಾಮಿ" ಅಂದು ಸಾಗಹಾಕಿದರು. ಸುಳ್ಳು ಹೇಳುವುದರಲ್ಲಿ ಮಾತ್ರ ಆ ಊರಿನ ಒಗ್ಗಟ್ಟಿಗೆ ಸಾಟಿ ಇರಲಿಲ್ಲ.

ಇಂಥಾ ಹೊತ್ತಿನಲ್ಲಿ ಮಾವನವರಿಗೆ ಕುಯ್ಲಿಗೆ ಕೈ ಸಾಲದು ಅಂತ ನೆನಪಾಯಿತು, ಮೊಮ್ಮಗನ ಮುಖ ನೋಡಬೇಕು ಅಂತಲೂ ಆಯಿತು. ಮೈದುನನನ್ನು ಅಟ್ಟಿ ಮದ್ದೂರಿನಿಂದ ನನ್ನ ವಾರಗಿತ್ತಿಯನ್ನು ಕರೆಸಿದರು. ಅವಳು ರೈಲಿಳಿದು, ಐದು ತಿಂಗಳ ಮಗು ಎತ್ತಿಕೊಂಡು, ಬಿಸಿಲಲ್ಲಿ ಮಾಳ ಹತ್ತಿ ಬಂದಳು. ಮುಖ ಕೆಂಪಗಿತ್ತು, ಎಡತೋಳು ಊದಿತ್ತು. ಬಂದವಳೇ ನನಗೆ ತೋಳು ತೋರಿಸಿದಳು, ಹೊಸ ಬಳೆ ತೋರಿಸುವವರ ಹಾಗೆ.

"ನೋಡಕ್ಕ, ಸೂಜಿ ಆಕಿಸ್ಕಂಡೆ. ನಮ್ಮವ್ವ ದರದರ ಎಳ್ಕೊಂಡೋದ್ಲು. ಜ್ವರ ಬತ್ತದಂತೆ, ಕಂಕುಳು ಊದ್ಕತದಂತೆ, ಆಮ್ಯಾಕೆ ತಾನಾಗೇ ಇಳೀತದಂತೆ. ಎದರ್ಬೇಡ ಅಂದವ್ರೆ ಡಾಕ್ಟ್ರು."

ಆ ಗುಡ್ಲುಗಳ ಊರಿನಲ್ಲಿ ಸರ್ಕಾರದ ಮಾತು ಕೇಳಿದ ಮೊದಲ ಪ್ರಾಣಿ ಅವಳು. ಅದಕ್ಕೆ ಏನಾಯಿತು ನೋಡಿ. ಮಾರನೆಯ ದಿನ ಬೆಳಿಗ್ಗೆ ಮಗುವಿಗೆ ಹಾಲು ಕೊಡುತ್ತ ಕೂತಿದ್ದಾಗ ಅತ್ತೆ ಅವಳ ಕಂಕುಳು ನೋಡಿದಳು. ನಿಂಬೆಕಾಯಿಯಷ್ಟು ಊದಿತ್ತು. ಮೈ ಮುಟ್ಟಿದರೆ ಕಾವಲಿ.

"ಗಡ್ಡೆ! ಅಯ್ಯೋ, ಗಡ್ಡೆ ಎದ್ದದೆ ಕಣ್ರಪ್ಪೋ!" ಅಂತ ಅತ್ತೆ ಬೀದಿಗೆ ಬಿದ್ದು ಕೂಗಿದಳು. ಬೀದಿ ಎಲ್ಲಿತ್ತು, ಹೊಲ ಅಷ್ಟೆ. ಆದರೂ ಊರೆಲ್ಲ ಬಂತು. ದೂರ ನಿಂತು ಮೂಗಿಗೆ ಟವಲು ಹಿಡಿಯಿತು.

ಅವಳು ಎದ್ದು ಕೈ ಜೋಡಿಸಿ ಹೇಳಿದಳು. "ಇದು ಸೂಜೀದು ಮಾವ. ಡಾಕ್ಟ್ರು ಮೊದ್ಲೇ ಏಳವ್ರೆ. ನೆನ್ನೆ ಅಕ್ಕಂಗೂ ಏಳಿವ್ನಿ, ಕೇಳಿ ಬೇಕಾರೆ." ನಾನೂ ಹೇಳಿದೆ. ಹೌದು, ನಿನ್ನೆಯೇ ಹೇಳಿದಳು, ಗಡ್ಡೆ ಏಳುವುದಕ್ಕೆ ಮುಂಚೆಯೇ ಹೇಳಿದಳು ಅಂತ. ಯಾರೂ ಕೇಳಲಿಲ್ಲ. ಒಬ್ಬ, "ಪ್ಲೇಗಿನ ನೀರನ್ನೇ ಸೂಜೀಲಿ ತುಂಬ್ತಾರಂತೆ ಕಣ್ಲಾ, ಮೈಯೊಳೀಕೆ ಬುಡ್ತಾರಂತೆ" ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ಗಾದೆ. ನಮ್ಮೂರು ಅದಕ್ಕೂ ಒಂದು ಕೈ ಮೇಲೆ. ಔಷಧಿ ಕುಡಿದ ಎಮ್ಮೆಯನ್ನೇ ಹುಡುಕಿ ಬರೆ ಎಳೆಯಿತು.

"ಕಟ್ಟು ಅಂದ್ರೆ ಕಟ್ಟು," ಅಂದರು ಮಾವನವರು. "ನನ್ನ ಸೊಸೆ ಅಂತ ನಾ ಬುಡಾಕಿಲ್ಲ. ಕೆಳೀಕೆ ಓಗ್ಲಿ."

ನನಗೆ ತಡೆಯಲಿಲ್ಲ. "ಮೊದಲ್ನೆ ಇಲಿ ಬಿದ್ದಿದ್ದು ನಮ್ಮಟ್ಟದಲ್ಲಿ!" ಅಂತ ಅಷ್ಟು ಜನರ ಮುಂದೆ ಕೂಗಿಬಿಟ್ಟೆ. "ಮೊರದಲ್ಲಿ ಓಯ್ದು ಬಿಸಾಕಿದ್ದು ಯಾರು, ಕೇಳ್ರಪ್ಪ! ಇವಳನ್ನ ಕೆಳಕ್ಕೆ ಕಳ್ಸೋ ಮೊದ್ಲು ಅದಕ್ಕೊಂದು ನ್ಯಾಯ ಮಾಡಿ!" ಮಾವನವರ ಮುಖ ಕಪ್ಪಿಟ್ಟಿತು. ಆದರೆ ಒಬ್ಬನೂ ತಲೆಯೆತ್ತಿ ಅವರ ಮುಖ ನೋಡಲಿಲ್ಲ. ಒಬ್ಬ ಕೆಮ್ಮಿದ, ಒಬ್ಬ ಎಲೆಗೆ ಸುಣ್ಣ ಹಚ್ಚಿದ, ಇನ್ನೊಬ್ಬ ಎತ್ತು ಬಿಚ್ಚಬೇಕು ಅಂತ ಎದ್ದ. ಆ ಗುಂಪಿನಲ್ಲಿ ಇಲಿ ಬಿಸಾಕದ ಕೈ ಒಂದೂ ಇರಲಿಲ್ಲ. "ಎಂಗಸ್ರ ಮಾತಿಗೆ ಯಾಕ್ಲಾ ಕಿವಿ ಕೊಡ್ತೀರಿ" ಅಂತ ಯಾರೋ ಅಂದರು, ಎಲ್ಲರಿಗೂ ಉಸಿರು ಬಂತು.

ಅವಳು ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು. ಆಗ ಮಾವನವರು, "ಮಗೀನ ಬುಟ್ಟೋಗು. ಅದು ನಮ್ಮನೆ ಕುಡಿ" ಅಂದರು.

"ಮೊಲೆ ಕುಡಿಯೋ ಮಗ ಮಾವ, ಅದೆಂಗೆ ಬುಟ್ಟೋಗ್ಲಿ?"

ಅತ್ತೆ ಬಂದು ಕಿತ್ತುಕೊಂಡಳು. ಅವಳು ಗಂಡನ ಕಡೆ ತಿರುಗಿ, "ಏನಾರ ಮಾತಾಡಿ" ಅಂದಳು. ನನ್ನ ಮೈದುನ ನೆಲ ನೋಡುತ್ತ, "ಅಪ್ಪ ಏಳ್ದಂಗೆ ಕೇಳು" ಅಂದ. ಆ ಮುಖಕ್ಕೆ ಮೀಸೆ ಬೇರೆ ಕೇಡು.

ಇಳಿಜಾರಿನವರೆಗೂ ನಾನು ಅವಳ ಜೊತೆ ಹೋದೆ. "ಮನೆಯೊಳೀಕೆ ಕಾಲಿಡ್ಬೇಡ ಕಣಮ್ಮಿ," ಅಂದೆ. "ಇಲಿ ಬಿದ್ದಿರೋ ಮನೆ. ಊರಮುಂದಿನ ಕಲ್ಲು ಮಂಟಪದಲ್ಲೇ ಇರು, ಅಲ್ಲೇ ಮಲೀಕೊ." ಅವಳು ಹೂಂ ಅಂದಳು. ತಿರುಗಿ ತಿರುಗಿ ನೋಡುತ್ತ ಇಳಿದು ಹೋದಳು. ಕೆಳಗೆ ಬಾಗಿಲು ಹಾಕಿದ ಮನೆಗಳು, ಒಂದು ನಾಯಿಯೂ ಇಲ್ಲದ ಬೀದಿ. ಸೂಜಿ ಚುಚ್ಚಿಸಿಕೊಂಡ ಒಬ್ಬಳನ್ನು ಪ್ಲೇಗಿನ ಬಾಯಿಗೆ ಕಳಿಸಿ, ಚುಚ್ಚಿಸಿಕೊಳ್ಳದವರೆಲ್ಲ ಮೇಲೆ ಕೂತು ಅವಳಿಗಾಗಿ ಅಯ್ಯೋ ಪಾಪ ಅಂದರು.

ಮಗುವಿಗೆ ಮೊಲೆ ಕೊಡಬೇಡ ಅಂತ ಅತ್ತೆ ನನಗೆ ಕಟ್ಟಪ್ಪಣೆ ಮಾಡಿದಳು. ಗಡ್ಡೆ ಎದ್ದವಳ ಹಾಲು ಕುಡಿದಿದೆ, ನಿನ್ನ ಮಗಳಿಗೂ ಅಂಟುತ್ತದೆ ಅಂತ. ಹಸುವಿನ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಅದರ ಬಾಯಿಗೆ ಹುಯ್ದಳು. ಅದು ಕುಡಿದದ್ದನ್ನೆಲ್ಲ ಕಾರಿತು. ಎರಡೇ ದಿನಕ್ಕೆ ಕೂಸು ಬಿಸಿಲಿಗೆ ಬಾಡಿದ ಸೊಪ್ಪಾಯಿತು, ಅಳುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಊರವರು ಬಂದು ನೋಡಿ ಬೂದಿ ಹಚ್ಚಿ, ದೃಷ್ಟಿ ತೆಗೆದು, ಬಾಯಿ ತುಂಬ ಬುದ್ಧಿ ಹೇಳಿ ಹೋದರು. ಬುದ್ಧಿಗೆ ಆ ಊರಲ್ಲಿ ಯಾವತ್ತೂ ಬರ ಬಂದದ್ದಿಲ್ಲ.

ನಾನು ಹುಲ್ಲಿನ ಮೆದೆಯ ಹಿಂದೆ ಕೂತು ಅದಕ್ಕೆ ಹಾಲು ಕೊಟ್ಟೆ. ನನ್ನ ಮಗಳಿಗೆ ಒಂದು ಕಡೆ, ಇದಕ್ಕೆ ಒಂದು ಕಡೆ. ಒಂದು ದಿನ ಅತ್ತೆ ಹುಲ್ಲು ಹಿರಿಯಲು ಬಂದವಳು ನೋಡಿಬಿಟ್ಟಳು. ಬಂದ ಹಾಗೇ ತಿರುಗಿ ಹೋದಳು. ಸ್ವಲ್ಪ ಹೊತ್ತಿಗೆ ನನ್ನ ಮುದ್ದೆಯ ತಟ್ಟೆಗೆ ಎಂದೂ ಇಲ್ಲದ ಒಂದು ಗಟ್ಟಿ ಬೆಣ್ಣೆ ಬಿತ್ತು. ಆ ಅತ್ತೆಯನ್ನು ಏನನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಕೂಗುವುದೂ ಅವಳೇ, ಬೆಣ್ಣೆ ಹಾಕುವುದೂ ಅವಳೇ.

ಚಪ್ಪಡಿ ಕಲ್ಲಿಗೆ ಊಟ ಒಯ್ಯುವ ಕೆಲಸ ನನ್ನದಾಗಿತ್ತು. ಬೇರೆ ಯಾರು ಹೋಗುತ್ತಾರೆ? ಮುದ್ದೆ ಸಾರು ಇಟ್ಟು, ಕೂಗಿ, ಅವಳು ಬರುವ ಮೊದಲೇ ಹಿಂದಿರುಗಬೇಕು, ಅದು ಕಟ್ಟು. ನಾನು ನಿಲ್ಲುತ್ತಿದ್ದೆ. ಅವಳು ಬಂದು ಆ ಕಡೆ ಕೂರುತ್ತಿದ್ದಳು. ಮುದ್ದೆ ಕಡೆ ನೋಡುತ್ತಲೂ ಇರಲಿಲ್ಲ.

"ಮಗ ಆಲು ಕುಡೀತಾ ಅಕ್ಕ?"

"ಕುಡೀತು ಕಣಮ್ಮಿ. ನಂದೇ ಕುಡೀತು."

ಅಷ್ಟು ಕೇಳಿದ ಮೇಲೆ ತುತ್ತು ಮುರಿಯುತ್ತಿದ್ದಳು. ಮೊದಮೊದಲು ಅವಳ ಎದೆ ಕಲ್ಲಿನ ಹಾಗೆ ಕಟ್ಟಿಕೊಂಡು, ರವಿಕೆ ಒದ್ದೆಯಾಗಿ, ಮಂಟಪದ ಮೂಲೆಯಲ್ಲಿ ಹಿಂಡಿ ಹಿಂಡಿ ಚೆಲ್ಲುತ್ತಿದ್ದಳು. ಮೇಲೆ ಅವಳ ಮಗು, ಕೆಳಗೆ ಅದರ ಹಾಲು, ನಡುವೆ ಊರಿನ ಮಾನ. ಜ್ವರ ಇಳಿಯಿತು. ಕಂಕುಳೂ ಇಳಿಯಿತು. ತೋಳೆತ್ತಿ ನನಗೆ ತೋರಿಸಿದಳು, ಏನೂ ಇರಲಿಲ್ಲ. ಓಡಿಬಂದು ಮಾವನವರಿಗೆ ಹೇಳಿದೆ: "ವಾಸಿಯಾಗದೆ ಮಾವ, ಗಡ್ಡೇನೇ ಇಲ್ಲ. ಪ್ಲೇಗಾಗಿದ್ರೆ ಇಷ್ಟೊತ್ಗೆ ಇರ್ತಿದ್ಲಾ? ಕರಿಸ್ಕಳಿ."

"ಮಾರಿ ಗಡಿ ದಾಟ್ಲಿ, ನೋಡವ," ಅಂದರು. ಊರನ್ನು ಕಟ್ಟಿದ ಮಹಾನುಭಾವರು ಕೆಳಕ್ಕೆ ಇಳಿಯುವುದಕ್ಕೆ ದಾರಿ ಮಾಡಿದ್ದರು, ಹತ್ತುವುದಕ್ಕೆ ಮರೆತಿದ್ದರು.

ಮಾರಿಗೆ ಅಂತ ಬಂಡೂರಿನಿಂದ ಒಂದು ಟಗರು ಹಿಡಿದು ತಂದು ಕಟ್ಟಿದ್ದರು. ಗಿಡ್ಡ ಕಾಲಿನ, ಕೊಬ್ಬಿದ ಬಂಡೂರು ಟಗರು. ಅವಳು ಕೆಳಗಿಳಿದು ತಿಂಗಳಾಗುವ ಹೊತ್ತಿಗೆ ಅದನ್ನು ಕಡಿದು, ಬಾಡನ್ನು ಮುತ್ತುಗದ ಎಲೆಗಳ ಮೇಲೆ ಒಲೆಗೊಂದು ಗುಡ್ಡೆಯಂತೆ ಹಂಚಿದರು. ಗುಡ್ಡೆಗೆ ಒಂದು ತುಂಡು ಹೆಚ್ಚು ಒಂದು ತುಂಡು ಕಡಿಮೆ ಅಂತ ಜಗಳವಾಯಿತು, ಇಬ್ಬರು ಕೊರಳಪಟ್ಟಿ ಹಿಡಿದರು. ಕೆಳಗೆ ಮಂಟಪದಲ್ಲಿ ಒಬ್ಬಳು ಕೂತಿದ್ದಾಳೆ, ಅವಳಿಗೊಂದು ಗುಡ್ಡೆ ಹಾಕಿ ಅಂತ ಒಂದು ಬಾಯಿಯಿಂದಲೂ ಬರಲಿಲ್ಲ. ನಾನು ನನ್ನ ಪಾಲಿನದ್ದನ್ನು ಬೇಯಿಸಿ ಒಯ್ದೆ. ಅವಳು ಮುಟ್ಟಲಿಲ್ಲ. "ಬತ್ತೋಯ್ತು ಅಕ್ಕ," ಅಂದಳು. ಎದೆ ಮೇಲೆ ಕೈ ಇಟ್ಟುಕೊಂಡಿದ್ದಳು. ಗುಡ್ಲಿಗೆ ಬರುವ ದಾರಿಯುದ್ದಕ್ಕೂ ಅಳು ನಿಲ್ಲಿಸಲು ನನ್ನಿಂದ ಆಗಲಿಲ್ಲ.

ಟಗರು ತಿಂದು ಮಾರಿ ತೃಪ್ತಳಾದಳೋ ಇಲ್ಲವೋ, ಮಾವನವರು ಮಲಗಿದರು. ನಡುಕ, ಕೆಂಡದಂಥ ಕಣ್ಣು, ನಾಲಿಗೆ ತೊದಲು. ಪಂಚೆ ಬಿಗಿಯಾಗಿ ಸುತ್ತಿಕೊಂಡು, ಮೊಣಕಾಲು ಮಡಿಸಿಕೊಂಡು, ಯಾರನ್ನೂ ಹತ್ತಿರ ಬಿಡಲೊಲ್ಲರು. ಅತ್ತೆ ಹೊದಿಕೆ ಸರಿಪಡಿಸಲು ಹೋದಾಗ ನೋಡಿದಳು. ತೊಡೆಸಂದಿಯಲ್ಲಿ ಗಡ್ಡೆ. ಈ ಸಲ ಅವಳು ಕೂಗಲಿಲ್ಲ. ಹೊರಗೆ ಬಂದು, "ನರ ಇಡ್ಕಂಡದೆ, ಮೂಟೆ ಎತ್ತಾಕೋಗಿ" ಅಂದಳು.

ಊರು ನಂಬಿತು! ಹುಡುಗಿಯ ಕಂಕುಳಿನ ಊತ ಕಂಡು ಅರೆಗಳಿಗೆಯಲ್ಲಿ ಪ್ಲೇಗು ಅಂದ ಊರು, ಯಜಮಾನರ ಗಡ್ಡೆಗೆ ನರ ಅಂದಿತು. "ಯಾರೇ ಆಗ್ಲಿ, ನನ್ನ ಮಗನೇ ಆಗ್ಲಿ" ಅಂದಿದ್ದರಲ್ಲ, ತಾನೇ ಆಗಲಿ ಅಂತ ಹೇಳಿರಲಿಲ್ಲ ನೋಡಿ. ಕೆಳಕ್ಕೆ ಕಳಿಸುವ ಮಾತೇ ಬರಲಿಲ್ಲ. ಆದರೆ ಆ ನರ ಹಿಡಿದ ಮನುಷ್ಯನ ಗುಡ್ಲಿನೊಳಗೆ ಒಬ್ಬನಾದರೂ ಕಾಲಿಟ್ಟನೇ? ಅಷ್ಟು ದೂರದಲ್ಲಿ ನಿಂತು, "ಯಜಮಾನ್ರೇ, ಎಂಗಿದ್ದೀರಿ?" ಅಂತ ಕೂಗುವರು. ಒಳಗಿಂದ "ನೀರು, ನೀರು" ಅಂತ ಕೇಳಿದರೆ, "ನೀರು ಕೇಳ್ತಾವ್ರೆ ಕಣ್ರಮ್ಮ" ಅಂತ ಹೆಂಗಸರಿಗೆ ವರದಿ ಒಪ್ಪಿಸಿ ಹೋಗುವರು. ಮೈದುನ ಬಾವಿಕಟ್ಟೆಯಿಂದ ಈಚೆಗೆ ಬರಲಿಲ್ಲ. ಅತ್ತೆ ಬಾಗಿಲಿಂದಲೇ ಚೆಂಬು ದಬ್ಬುತ್ತಿದ್ದಳು. ಅವಳಿಗೂ ಭಯ.

ಆಗ ಊರ ಹಿರಿಯನೊಬ್ಬನಿಗೆ ಜ್ಞಾನೋದಯವಾಯಿತು. "ಅಲ್ಲ ಕಣ್ಲಾ, ಯಜಮಾನ್ರ ಕಿರಿಸೊಸೆಗೆ ಸೂಜಿ ಆಗದೆ. ಅವಳಿಗೇನೂ ಅಂಟಾಕಿಲ್ಲ. ಕರ್ಸಿ, ಅವಳು ನೋಡ್ಕತಾಳೆ." ಎಲ್ಲರೂ ಹೌದು ಹೌದು ಅಂದರು. ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಅವಳು ಕೈ ಜೋಡಿಸಿಕೊಂಡು ಸೂಜಿ ಸೂಜಿ ಅಂತ ಬಡಕೊಂಡಾಗ ಕಿವುಡಾಗಿದ್ದ ಅವೇ ಕಿವಿಗಳು, ಅವೇ ಬಾಯಿಗಳು!

ಮೈದುನ ಚಪ್ಪಡಿ ಕಲ್ಲಿಗೆ ಹೋಗಿ ಕರೆದ. ಅವಳು ಅಲ್ಲಿಂದಲೇ, "ಮೊದ್ಲು ನನ್ನ ಮಗನ್ನ ತನ್ನಿ. ಆಮ್ಯಾಲೆ ಮಾತು" ಅಂದಳಂತೆ. ಅವನು ಓಡಿಬಂದು ಹೇಳಿದ. ಅತ್ತೆ ಹೂಂ ಅಂತ ತಲೆಯಾಡಿಸಿದಳು. ನಾನು ಒಂದು ಕಂಕುಳಲ್ಲಿ ನನ್ನ ಮಗಳು, ಇನ್ನೊಂದರಲ್ಲಿ ಅವಳ ಮಗ, ಎರಡನ್ನೂ ಹೊತ್ತು ಇಳಿದೆ. ಹಿಂದೆ ಮೈದುನ, ಅವನ ಹಿಂದೆ ಬಹಳ ದೂರದಲ್ಲಿ ಊರಿನ ಹಿರಿಯರು.

ಅವಳು ಕೈ ಚಾಚಿದಳು. ಮಗು ಅವಳನ್ನು ನೋಡಿ ಕಿರುಚಿ ನನ್ನ ಕತ್ತು ತಬ್ಬಿಕೊಂಡಿತು. ಆ ಹೊತ್ತು ಅವಳ ಮುಖ ನೋಡಲಾರದೆ ನಾನು ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟೆ. ಅದು ಮೈಯೆಲ್ಲ ಬಿಲ್ಲಾಗಿಸಿ ಅತ್ತಿತು. "ಅಳ್ಲಿ ಬುಡು ಅಕ್ಕ," ಅಂದಳು. ಸೆರಗಿನಲ್ಲಿ ಕಟ್ಟಿಕೊಂಡಳು.

"ಬಾ, ಬೇಗ ಬಾ," ಅಂದ ಮೈದುನ. "ಅಪ್ಪ ಒದ್ದಾಡ್ತಾವ್ರೆ."

"ಕೆಳೀಕೆ ಓದೋರು ಮ್ಯಾಲಕ್ಕೆ ಬರಂಗಿಲ್ಲ ಅಂತ ನಿಮ್ಮಪ್ಪಾರೆ ಕಟ್ಟು ಮಾಡವ್ರೆ," ಅಂದಳು. "ನಾ ಯಾಕೆ ಮುರೀಲಿ?" ತಿರುಗಿ ಹನಕೆರೆಯ ದಾರಿ ಹಿಡಿದಳು. ಮಗು ಅಳುತ್ತಲೇ ಇತ್ತು. ಅವಳು ಓಡಲಿಲ್ಲ, ನಡೆದಳು.

ಅಷ್ಟೂ ಕಣ್ಣು ಈಗ ನನ್ನ ಕಡೆ ತಿರುಗಿದವು. ಒಬ್ಬಳು ಹೋದಳು, ಇನ್ನೊಬ್ಬಳು ಇದ್ದಾಳಲ್ಲ! ಇದೇ ನೋಡಿ ಇವರ ಒಗ್ಗಟ್ಟು.

"ಅತ್ಗೆ, ನೀವಾರ ಬನ್ನಿ," ಅಂದ ಮೈದುನ.

"ನಿಮ್ಮಪ್ಪ ತಾನೆ? ನೀವೇ ಓಗಿ ಕುಂತ್ಕಳಿ," ಅಂದೆ.

"ನಂಗೇನಾರ ಆದ್ರೆ ನನ್ನೆಂಡ್ತಿ ಮಕ್ಕಳ ಗತಿ ಏನತ್ಗೆ?" ಅಂದ. ಅವನ ಹೆಂಡತಿ, ಅವನ ಮಗು, ಆ ಮಾತು ಮುಗಿಯುವಷ್ಟರಲ್ಲಿ ನಾಲೆ ಏರಿ ದಾಟುತ್ತಿದ್ದರು.

ನಾನು ಒಂದು ಸಲ ಮೇಲೆ ನೋಡಿದೆ. ಗುಡ್ಲಿನ ಬಾಗಿಲಲ್ಲಿ ಅತ್ತೆ ಚೆಂಬು ಹಿಡಿದು ನಿಂತಿದ್ದಳು. ನನ್ನನ್ನು ಕರೆಯಲಿಲ್ಲ. ನಾನು ಮಗಳನ್ನು ಸೊಂಟಕ್ಕೇರಿಸಿಕೊಂಡು ವಾರಗಿತ್ತಿಯ ಹಿಂದೆ ನಡೆದೆ. ಪಾಪ ಅನ್ನಿಸಲಿಲ್ಲವೇ, ಮಾವ ಸಾಯುತ್ತಿದ್ದರಲ್ಲ ಅಂತ ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ಇಲ್ಲ. ಅವರ ಸುತ್ತ ಒಂದು ಊರೇ ಇತ್ತು.

ಮದ್ದೂರಿನಲ್ಲಿ ಅವಳ ತಾಯಿ ನಮ್ಮಿಬ್ಬರನ್ನೂ ನೋಡಿದವಳೇ ಮೊದಲು ಹಂಡೆಗೆ ನೀರು ಹಾಕಿದಳು. ಮಾರನೆ ದಿನ ನನ್ನನ್ನೂ ನನ್ನ ಮಗಳನ್ನೂ ಸೂಜಿಗೆ ಎಳೆದುಕೊಂಡು ಹೋದಳು. ನನಗೂ ಜ್ವರ ಬಂತು, ನನ್ನ ಕಂಕುಳೂ ಊದಿತು. ಅಲ್ಲಿ ಯಾರೂ ಬೀದಿಗೆ ಬಿದ್ದು ಕೂಗಲಿಲ್ಲ. ಆ ಮಹಾತಾಯಿ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟಳು, "ಮಲೀಕೊ ಮಗ" ಅಂದಳು. ಉಪ್ಪಿನ ಗಂಟು ಸೋಂಕಿದ್ದಕ್ಕೋ ಆ ಮಾತಿಗೋ, ನನಗೆ ಅಳು ಬಂತು.

ಜ್ವರದಲ್ಲಿ ನಾನು ಹಾಲು ಕೊಡುವ ಹಾಗಿರಲಿಲ್ಲ, ವಾರಗಿತ್ತಿಯ ಕೂಸು ಬೇರೆ ಏನನ್ನೂ ಮುಟ್ಟದು. ಅವಳು ಅದನ್ನು ತನ್ನ ಬರಿದಾದ ಎದೆಗೇ ಹಚ್ಚಿಕೊಂಡು ಕೂತಳು. ಅದು ಚೀಪುವುದು, ಏನೂ ಬಾರದೆ ಅಳುವುದು, ಮುಷ್ಟಿಯಲ್ಲಿ ಗುದ್ದುವುದು, ಮತ್ತೆ ಬಾಯಿ ಹಾಕುವುದು. ಅವಳ ತಾಯಿ ಸಬ್ಬಸಿಗೆ ಸೊಪ್ಪು, ಸುಟ್ಟ ಬೆಳ್ಳುಳ್ಳಿ ಅಂತ ತಿನ್ನಿಸಿದ್ದೇ ತಿನ್ನಿಸಿದ್ದು. ಮೊಲೆತೊಟ್ಟು ಒಡೆದು ರಕ್ತ ಬಂತು. ಅವಳು ಮಗುವನ್ನು ಕೆಳಗಿಳಿಸಲಿಲ್ಲ. ಒಂದು ಮಧ್ಯಾಹ್ನ ನಾನು ಮಲಗಿದ್ದವಳು ಎದ್ದು ನೋಡಿದರೆ ಅವಳು ಗೋಡೆಗೆ ಒರಗಿ ಉಸಿರು ಬಿಗಿಹಿಡಿದು ಕೂತಿದ್ದಾಳೆ. ಮಗು ಗುಟುಕು ಗುಟುಕಾಗಿ ನುಂಗುವ ಸದ್ದು. "ಬಂತು ಅಕ್ಕ," ಅಂತ ಪಿಸುಗುಟ್ಟಿದಳು. ಗಟ್ಟಿಯಾಗಿ ಹೇಳಿದರೆ ಎಲ್ಲಿ ನಿಂತುಹೋಗುತ್ತದೋ ಅನ್ನುವ ಹಾಗೆ.

ಸ್ವಲ್ಪ ದಿನ ಕಳೆದು, ಅವಳು ಹಾಗೇ ಹಾಲು ಕೊಡುತ್ತ ಕೂತಿದ್ದಾಗ ಬಾಗಿಲಲ್ಲಿ ಮೈದುನ ಬಂದು ನಿಂತ. ತಲೆ ನುಣ್ಣಗೆ ಬೋಳಿಸಿಕೊಂಡಿದ್ದ.

ನಮಗೆ ಅರ್ಥವಾಯಿತು. "ಯಾವಾಗ ಓದ್ರು ನಿಮ್ಮಪ್ಪ?" ಅಂದೆ.

"ಅಪ್ಪ ಅಲ್ಲ," ಅಂದ. "ಅಪ್ಪಂದು ಗಡ್ಡೆ ಒಡ್ದು ಕೀವೆಲ್ಲ ಓಯ್ತು. ಎದ್ದು ಕುಂತವ್ರೆ. ಓದೋಳು ಅವ್ವ."

ನೀರು ನೀರು ಅಂತ ಕೂಗುವುದನ್ನು ಕೇಳಲಾರದೆ, ನಾವು ಬಂದ ಆ ಸಂಜೆಯೇ ಅತ್ತೆ ಒಳಗೆ ಹೋಗಿ ಕೂತಳಂತೆ. ತಲೆ ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕು ಕುಡಿಸಿದಳಂತೆ. ಅವರು ಏಳುವ ಹೊತ್ತಿಗೆ ಇವಳು ಬಿದ್ದಳು.

"ಅತ್ತೆ ತಾವ ಯಾರು ಕುಂತಿದ್ರು?" ಅಂತ ಕೇಳಿದೆ.

ಅವನು ಟವಲಿನಿಂದ ಬೋಳುತಲೆ ಒರೆಸಿಕೊಂಡ. ನಾನು ಇನ್ನೊಂದು ಸಲ ಕೇಳಿದೆ. ಅವನು, "ಅಪ್ಪಂಗೆ ಇಟ್ಟು ಬೇಯ್ಸಾಕೆ ಯಾರೂ ಇಲ್ಲ. ಇಬ್ರೂ ಎದ್ದೇಳಿ, ಓಗವ" ಅಂದ.

ನನ್ನ ವಾರಗಿತ್ತಿ ಮಗುವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡಳು. ಅವಳ ಕಣ್ಣಿಂದ ನೀರು ಮಗುವಿನ ತಲೆಯ ಮೇಲೆ ಬೀಳುತ್ತಿತ್ತು, ಅತ್ತೆಗಾಗಿ. ದನಿ ಮಾತ್ರ ಅಲುಗಲಿಲ್ಲ.

"ಮಗ ಆಲು ಕುಡೀತಾವ್ನೆ," ಅಂದಳು. "ಆಚೆ ನಿಂತ್ಕಳಿ."

ಅವನು ಹೋಗಿ ಬಿಸಿಲಲ್ಲಿ ನಿಂತ.